ಆ ರೂಮಿನ ಸಾಮಾನು

ಜನವರಿ ೧೧

ರೀ,

ಕ್ಯಾಂಪಿನಲ್ಲಿ ಫೋನು ಹಿಡಿಯುವುದಿಲ್ಲ, ಕಾಗದ ಬರಿ ಎಂದು ನೀವು ಹೊರಡುವಾಗ ಹೇಳಿದ್ದಿರಿ. ಇದೊಳ್ಳೆ ಕಥೆಯಾಯಿತಲ್ಲ ಅನ್ನಿಸಿತ್ತು. ಈಗ ನೋಡಿದರೆ ಇದೇ ವಾಸಿ. ಫೋನಿನಲ್ಲಾದರೆ ನೀವು ‘ಮತ್ತೆ?’ ಅನ್ನುತ್ತೀರಿ, ನಾನು ‘ಮತ್ತೇನಿಲ್ಲ’ ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದವಾದರೆ ಪುಟ ತುಂಬಿಸಲಾದರೂ ಏನಾದರೂ ಹೇಳಬೇಕಾಗುತ್ತದೆ.

ಮನೆ ಓನರು ಬಂದಿದ್ದರು. ಬಾಡಿಗೆ ಏರಿಸುತ್ತಾರಂತೆ. ಸೋಫಾದ ತುದಿಯಲ್ಲಿ ಕೂತು, ಸಿಮೆಂಟಿನಿಂದ ಹಿಡಿದು ಬಣ್ಣದ ಡಬ್ಬದವರೆಗೆ ಎಲ್ಲದರ ರೇಟು ಹೇಳಿದರು. ನಿಮ್ಮ ಮನೆ ಪರಿಸ್ಥಿತಿ ಗೊತ್ತಿರುವುದರಿಂದ ಇಷ್ಟು ದಿನ ಬಾಯಿ ಬಿಡಲಿಲ್ಲ ಎಂದರು. ಮಗಳು ತೀರಿಕೊಂಡ ಮನೆಯ ಬಾಡಿಗೆಯನ್ನು ಏಳೆಂಟು ತಿಂಗಳು ಮುಟ್ಟದೆ ಇದ್ದದ್ದು ಅವರ ಮಟ್ಟಿಗೆ ದೊಡ್ಡ ಉಪಕಾರ. ನಾನು ಟೀ ಕೊಟ್ಟೆ. ಕುಡಿದು ಹೋದರು.

ನಮ್ಮ ಆಫೀಸಿನವರು ಬಿಲ್ಡಿಂಗನ್ನೇ ಖಾಲಿ ಮಾಡಿಬಿಟ್ಟಿದ್ದಾರೆ. ಇನ್ನು ಎಲ್ಲರೂ ಮನೆಯಿಂದಲೇ ಕೆಲಸ. ಬಟ್ಟೆ ಒಗೆಯುವ ಮಷೀನು ಕೆಟ್ಟಿದೆ ಎಂದು ಯಾರೋ ಬರೆಯುತ್ತಾರೆ, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ನಾನು ಟೈಪ್ ಮಾಡುತ್ತೇನೆ. ಇದನ್ನು ಎಲ್ಲಿ ಕೂತರೂ ಮಾಡಬಹುದು. ಜೊತೆಯವಳೊಬ್ಬಳು ರೈಲಿನಲ್ಲಿ ಅರ್ಧ ದಿನದ ದಾರಿಯ ಒಂದು ಊರಿಗೆ ಹೋಗಿದ್ದಾಳೆ. ಅಲ್ಲಿ ಗಾಜಿನ ಕಾರ್ಖಾನೆಯೊಂದಿತ್ತಂತೆ, ಮುಚ್ಚಿದೆಯಂತೆ, ಅರ್ಧ ಊರು ಖಾಲಿಯಂತೆ. ನಾವಿಲ್ಲಿ ಕೊಡುವುದರ ಕಾಲು ಭಾಗಕ್ಕೆ ಇಡೀ ಮನೆ ಸಿಗುತ್ತದೆ ಎಂದಳು. ಸುಮ್ಮನೆ ಕೇಳಿಸಿಕೊಂಡೆ.

ನೀವೇನಂತೀರಿ? ಅವಸರವೇನಿಲ್ಲ.

ಅವಳ ರೂಮು ನೀವು ಹೇಳಿ ಹೋದ ಹಾಗೇ ಇದೆ. ಬಾಗಿಲು ತೆಗೆದಿಲ್ಲ. ಕಸ ಗುಡಿಸುವಾಗ ಹೊಸ್ತಿಲವರೆಗೆ ಗುಡಿಸಿ ವಾಪಸ್ ಬರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮವಳು


ಜನವರಿ ೩೦

ಇವಳೇ,

ಸಾಮಾನಿನ ಲಾರಿ ವಾರಕ್ಕೊಮ್ಮೆ ಬೆಟ್ಟ ಹತ್ತಿ ಬರುತ್ತದೆ. ಹೋದ ವಾರ ದಾರಿಯಲ್ಲಿ ಬಂಡೆ ಉರುಳಿ ಅದೂ ಬರಲಿಲ್ಲ. ಹಾಗಾಗಿ ನಿನ್ನ ಕಾಗದ ಆಲೂಗಡ್ಡೆ ಮೂಟೆಗಳ ಜೊತೆ ನಿನ್ನೆ ಬಂತು.

ಇಲ್ಲಿ ಹೊಸದೇನಿಲ್ಲ. ಅವರು ಸುರಂಗ ಕೊರೆಯುತ್ತಾ ಮುಂದೆ ಹೋಗುತ್ತಾರೆ, ನಾವು ಹಿಂದಿನಿಂದ ಲೈಟು, ಗಾಳಿಯ ಫ್ಯಾನು, ಕೇಬಲ್ಲು ಎಳೆಯುತ್ತಾ ಹೋಗುತ್ತೇವೆ. ಕ್ಯಾಂಟೀನಿನ ಟೀ ಎಷ್ಟು ನೀರೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು. ಒಳಗೆ ಹಗಲೂ ಇಲ್ಲ, ಇರುಳೂ ಇಲ್ಲ. ನನಗೆ ಅದೇ ಹೊಂದಿಕೆಯಾಗಿದೆ.

ಮನೆ ವಿಷಯ. ಬಾಡಿಗೆಗೆ ಹೆದರಿ ಮನೆ ಬಿಡಬೇಡ. ಓವರ್‌ಟೈಮಿಗೆ ಹೆಸರು ಕೊಟ್ಟಿದ್ದೇನೆ, ಮುಂದಿನ ತಿಂಗಳಿಂದ ಹೆಚ್ಚು ಕಳಿಸುತ್ತೇನೆ. ಆ ಮನೆ ಬಿಡಲು ನಿನಗೆ ಎಷ್ಟು ಕಷ್ಟವಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಜ್ವರ ಅವಳನ್ನು ಕರೆದುಕೊಂಡು ಹೋದದ್ದು ಆಸ್ಪತ್ರೆಯಿಂದ. ಮನೆಯಲ್ಲಿ ಅವಳು ಏಳು ವರ್ಷ ಓಡಾಡಿದ್ದಾಳೆ. ಅದನ್ನು ಓನರನ ಸಿಮೆಂಟು ರೇಟಿಗೆ ಬಿಟ್ಟುಕೊಡಬೇಕಾಗಿಲ್ಲ.

ನೀನು ನನ್ನ ಜೇಬು ನೋಡಿ ಯೋಚನೆ ಮಾಡುವವಳು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಅಲ್ಲೇ ಇರು. ಏಪ್ರಿಲ್‌ನಲ್ಲಿ ರಜೆ ಸಿಗುತ್ತದೆ, ಬರುತ್ತೇನೆ.

ಇಂತಿ,
ನಾನೇ


ಫೆಬ್ರುವರಿ ೧೬

ರೀ,

ನಿಮ್ಮ ಕಾಗದ ಹಳೇ ಮನೆಗೆ ಹೋಗಿ, ಅಲ್ಲಿಂದ ಸುತ್ತು ಹಾಕಿಕೊಂಡು ಇಲ್ಲಿಗೆ ಬಂತು. ಅಷ್ಟರಲ್ಲಿ ನಾನು ಬಂದಾಗಿತ್ತು.

ಮೇಲಿನ ವಿಳಾಸ ನೋಡಿ. ಇನ್ನು ಮುಂದೆ ಇದಕ್ಕೇ ಬರೆಯಿರಿ.

ಊರು ನಮ್ಮ ಆಫೀಸಿನವಳು ಹೇಳಿದ ಹಾಗೇ ಇದೆ. ರೈಲು ಇಳಿದರೆ ಎದುರಿಗೇ ಕಾರ್ಖಾನೆ. ಗೇಟಿಗೆ ಸರಪಳಿ, ಒಳಗೆ ಒಡೆದ ಗಾಜಿನ ದೊಡ್ಡ ಗುಡ್ಡೆ, ಬಿಸಿಲು ಬಿದ್ದಾಗ ಆ ಕಡೆ ನೋಡಲಾಗುವುದಿಲ್ಲ. ಅಂಗಡಿ ಸಾಲಿನಲ್ಲಿ ಎರಡು ತೆರೆದಿದ್ದರೆ ಮೂರು ಮುಚ್ಚಿವೆ. ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ತರಕಾರಿಯವಳು ಚಿಲ್ಲರೆ ಇಲ್ಲ, ನಾಳೆ ಕೊಡಿ ಅನ್ನುತ್ತಾಳೆ. ನಾನು ನಾಳೆಯೂ ಇಲ್ಲೇ ಇರುತ್ತೇನೆಂದು ಅವಳಿಗೆ ಯಾರು ಹೇಳಿದರೋ.

ಮನೆ ಮಹಡಿಯ ಮೇಲೆ. ಕೆಳಗೆ ಬಾಗಿಲು ಹಾಕಿದ ಸೈಕಲ್ ಅಂಗಡಿ. ಹಾಲು, ಒಳಗಿನ ರೂಮು, ಅಡುಗೆಮನೆ. ಇಂಟರ್‌ನೆಟ್ ಅಡುಗೆಮನೆಯ ಕಿಟಕಿ ಹತ್ತಿರ ಮಾತ್ರ ಸರಿಯಾಗಿ ಸಿಗುತ್ತದೆ. ಹಾಗಾಗಿ ಕಿಟಕಿ ಕೆಳಗಿನ ಕಟ್ಟೆಯೇ ನನ್ನ ಆಫೀಸು. ಒಂದು ಕಡೆ ಕುಕ್ಕರು, ಒಂದು ಕಡೆ ಕಂಪ್ಯೂಟರು. ಮೊನ್ನೆ ಗಿರಾಕಿಯೊಬ್ಬರಿಗೆ ಉತ್ತರ ಬರೆಯುತ್ತಾ ಅನ್ನ ಸೀಯಿಸಿದೆ. ತಳದ್ದನ್ನು ಬಿಟ್ಟು ಮೇಲಿನದನ್ನು ತಿಂದೆ.

ಮನೆಯೊಡತಿ ಕೆಳಗೆ ಹಿಂಭಾಗದಲ್ಲಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತಿ. ಊರೆಲ್ಲ ಕಂಡಕ್ಟರಮ್ಮ ಎನ್ನುತ್ತದೆ. ಕೆಳಗಿನ ನಲ್ಲಿಯಲ್ಲಿ ಕುಡಿಯುವ ನೀರು ಬಂದರೆ ಸ್ಟಾಪು ಬಂದ ಹಾಗೆ ಕೂಗುತ್ತಾರೆ. ಬಿಂದಿಗೆ ಹಿಡಿದು ಇಳಿಯುವಷ್ಟರಲ್ಲಿ ರೈಟ್ ರೈಟ್ ಎನ್ನುತ್ತಾರೇನೋ ಎಂದು ಭಯವಾಗುತ್ತದೆ.

ಸಾಮಾನೆಲ್ಲ ಸುರಕ್ಷಿತವಾಗಿ ತಲುಪಿತು. ಒಂದು ಗಾಜಿನ ಲೋಟ ಒಡೆಯಿತು, ಅಷ್ಟೇ.

ಹೆಚ್ಚಿಗೆ ಕಳಿಸುವುದು ಬೇಡ. ಓವರ್‌ಟೈಮ್ ಬಿಡಿ, ನಿದ್ದೆ ಮಾಡಿ.

ನಿಮ್ಮವಳು


ಮಾರ್ಚ್ ೬

ಇವಳೇ,

ಹೊಸ ವಿಳಾಸ ಬರೆದುಕೊಂಡೆ.

ನನ್ನನ್ನು ಕೇಳಬಹುದಿತ್ತು. ಕೇಳಿದ ಹಾಗೆ ಮಾಡಿ, ಉತ್ತರ ಬರುವ ಮೊದಲೇ ಗಾಡಿ ಹೊರಡಿಸಿದ್ದೀಯ. ಇರಲಿ, ಆದದ್ದು ಆಯಿತು. ನಿನಗೆ ಅಲ್ಲಿ ಹೊಂದಿಕೆಯಾದರೆ ಸಾಕು.

ಒಂದು ವಿಷಯ. ಅವಳ ರೂಮಿನ ಸಾಮಾನು ಏನಾಯಿತು? ಹೊಸ ಮನೆಯಲ್ಲಿ ಹಾಲು, ರೂಮು, ಅಡುಗೆಮನೆ ಎಂದು ಬರೆದಿದ್ದೀಯ. ಎಷ್ಟು ಸಲ ಓದಿದರೂ ಅಷ್ಟೇ ಇದೆ.

ಏಪ್ರಿಲ್ ರಜೆ ಅನುಮಾನ. ಆ ತಿಂಗಳು ಯಾರನ್ನೂ ಬಿಡುವುದಿಲ್ಲ ಎಂದು ಇಂಜಿನಿಯರು ಹೇಳುತ್ತಿದ್ದಾನೆ.

ನಾನು


ಮಾರ್ಚ್ ೨೪

ರೀ,

ಕೇಳಿದ್ದೀರಿ, ಹೇಳುತ್ತೇನೆ.

ಸಾಮಾನು ಕಟ್ಟುವವರು ಬೆಳಿಗ್ಗೆ ಬಂದರು. ನಾಲ್ಕು ಜನ, ಜೊತೆಗೊಬ್ಬ ಮೇಸ್ತ್ರಿ. ಅಡುಗೆಮನೆ, ಹಾಲು, ನಮ್ಮ ರೂಮು ಎಲ್ಲ ಕಟ್ಟಿದರು. ಆಮೇಲೆ ಅವಳ ರೂಮಿನ ಮುಂದೆ ನಿಂತು, ಇದು ಲಾಕ್ ಆಗಿದೆಯಾ ಎಂದು ಕೇಳಿದರು. ಇಲ್ಲ, ಸುಮ್ಮನೆ ಮುಂದೆ ಮಾಡಿದೆ ಎಂದೆ. ಅವರೇ ನೂಕಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಈಗ ಏನಾದರೂ ಆಗುತ್ತದೆ, ಅಳು ಬರುತ್ತದೆ, ಕಾಲು ಕುಸಿಯುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಟೇಪು ಹರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬಟ್ಟೆ, ಪುಸ್ತಕ, ಗೋಡೆಗೆ ಅಂಟಿಸಿದ್ದು, ಮಂಚದ ಕೆಳಗಿದ್ದದ್ದು, ಸ್ಕೂಲ್ ಬ್ಯಾಗು ಎಲ್ಲ ರಟ್ಟಿನ ಡಬ್ಬಗಳಿಗೆ ಹೋಯಿತು. ಅವರು ಒಳ್ಳೆಯ ಕೆಲಸಗಾರರು, ಬೇಗ ಮುಗಿಸಿದರು.

ಇಲ್ಲಿ ಬಂದು ಇಳಿಸುವಾಗ ಮೇಸ್ತ್ರಿ ಕೇಳಿದ, “ಅಮ್ಮಾ, ಮಗು ರೂಮಿಂದು ಎಲ್ಲಿ ಇಡೋದು?”

ಅವನು ತಲೆ ಮೇಲೆ ಡಬ್ಬ ಹೊತ್ತುಕೊಂಡೇ ನಿಂತಿದ್ದ. ಒಳಗಿನ ರೂಮು ತೋರಿಸಿದೆ. ಈಗಲೂ ಅಲ್ಲೇ ಇವೆ, ಒಂದರ ಮೇಲೊಂದು. ರೂಮು ಪೂರ್ತಿ ಅದೇ ಆಗಿದೆ. ನಾನು ಹಾಲಿನಲ್ಲಿ ಮಲಗುತ್ತೇನೆ. ಒಂದನ್ನೂ ಬಿಚ್ಚಿಲ್ಲ. ನೀವು ಹೇಳಿದ ಮಾತು ಮೀರಿಲ್ಲ ಎಂದುಕೊಳ್ಳಿ, ಜಾಗ ಮಾತ್ರ ಬದಲಾಗಿದೆ.

ಹೋದ ವಾರ ಒಬ್ಬ ವಯಸ್ಸಾದವರು ದೂರು ವಿಭಾಗಕ್ಕೆ ಬರೆದಿದ್ದರು. ಮಷೀನು ಕೆಟ್ಟಿಲ್ಲ, ಯಾವ ಗುಂಡಿ ಒತ್ತಬೇಕೋ ತಿಳಿಯುತ್ತಿಲ್ಲ, ಹೆಂಡತಿಗೆ ಗೊತ್ತಿತ್ತು, ಅವಳೀಗ ಇಲ್ಲ ಎಂದು. ನನ್ನ ಬೆರಳು ಅಭ್ಯಾಸಬಲದಿಂದ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಹೊಡೆದು ಕಳಿಸಿಬಿಟ್ಟಿತು. ಅವರು ‘ಪರವಾಗಿಲ್ಲಮ್ಮ’ ಎಂದು ಬರೆದರು. ಆಮೇಲೆ ಎಡಗಡೆಯಿಂದ ಎರಡನೇ ಗುಂಡಿ ಎಂದು ತಿಳಿಸಿದೆ. ತಿರುಗುತ್ತಿದೆ ಎಂದು ಬರೆದರು. ಅಲ್ಲಿಗೆ ನಾನು ಆ ದೂರನ್ನು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಬಟ್ಟೆ ಒಗೆದು ಮುಗಿಯುವವರೆಗೆ ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಇಬ್ಬರೂ ಏನೂ ಬರೆಯಲಿಲ್ಲ. ಟೀಮ್ ಲೀಡರ್ ಹುಡುಗಿ ಆಮೇಲೆ ಬೈದಳು, ಒಂದೇ ದೂರಿಗೆ ಅಷ್ಟು ಹೊತ್ತು ಯಾಕೆ ಎಂದು.

ರಜೆ ಸಿಗದಿದ್ದರೆ ಬೇಡ ಬಿಡಿ. ಒತ್ತಾಯವಿಲ್ಲ.

ನಿಮ್ಮವಳು


ಏಪ್ರಿಲ್ ೧೯

ರೀ,

ನಿಮ್ಮ ಕಾಗದವಿಲ್ಲ. ದಾರಿಯಲ್ಲಿ ಮತ್ತೆ ಬಂಡೆ ಉರುಳಿರಬೇಕು.

ಇಲ್ಲಿ ಒಂದು ತಮಾಷೆ ನಡೆಯಿತು. ಊರು ಬಿಟ್ಟದ್ದನ್ನು ನಾನು ಆಫೀಸಿಗೆ ತಿಳಿಸಿರಲಿಲ್ಲ. ಎಲ್ಲಿ ಕೂತರೇನು ಎಂದುಕೊಂಡಿದ್ದೆ. ಮೊನ್ನೆ ವಿಡಿಯೋ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಮಾತಾಡುತ್ತಿರುವಾಗ ಕೆಳಗಿನಿಂದ ಕಂಡಕ್ಟರಮ್ಮ ನೀರು ಬಂತೆಂದು ಕೂಗಿದರು. ಅದು ಎಲ್ಲರ ಮನೆಯಲ್ಲೂ ಕೇಳಿಸಿತು. ಮೀಟಿಂಗ್ ಮುಗಿದ ಮೇಲೆ ಟೀಮ್ ಲೀಡರ್ ಫೋನು ಮಾಡಿ, ಎಲ್ಲಿದ್ದೀರಿ ಎಂದು ಕೇಳಿದಳು. ಹೇಳಿದೆ. ಕಡಿಮೆ ಖರ್ಚಿನ ಊರಿಗೆ ಹೋದವರಿಗೆ ಕಡಿಮೆ ಸಂಬಳವಂತೆ, ಹೊಸ ನಿಯಮವಂತೆ. ಹೀಗಾಗಿ ಬಾಡಿಗೆ ಎಷ್ಟು ಇಳಿಯಿತೋ ಸಂಬಳವೂ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. ಊರು ಬದಲಾಯಿತು, ಕೈಯಲ್ಲಿ ಉಳಿಯುವುದು ಅಷ್ಟೇ ಇದೆ.

ಪಾಪ, ಅವಳಿಗೂ ಬೇಜಾರಾಗಿತ್ತು. ಹಾಗಿದ್ದರೆ ವಾಪಸ್ ಬಂದುಬಿಡಿ, ನಾನು ಹೇಳಿ ಹಳೇ ಸಂಬಳವನ್ನೇ ಕೊಡಿಸುತ್ತೇನೆ ಎಂದಳು. ಬರುವುದಿಲ್ಲ ಎಂದೆ. ಯಾಕೆ ಎಂದಳು. ಇಲ್ಲಿ ಗಾಳಿ ಚೆನ್ನಾಗಿದೆ ಎಂದೆ.

ಇನ್ನೊಂದು. ಎದುರಿನ ಮುಚ್ಚಿದ ಅಂಗಡಿಯ ಜಗುಲಿಯಲ್ಲಿ ಒಂದು ಮಧ್ಯಾಹ್ನ ಯಾರೋ ಗಂಡಸು ಬಹಳ ಹೊತ್ತು ನಿಂತಿದ್ದನಂತೆ, ಕೈಯಲ್ಲಿ ಬ್ಯಾಗು. ಕಂಡಕ್ಟರಮ್ಮ ನೋಡಿದ್ದಾರೆ. ಯಾವುದೋ ಬಿಲ್ಲು ವಸೂಲಿಗೆ ಬಂದವನಿರಬೇಕು ಎಂದು ಮಾತಾಯಿತು. ನಿಮಗೆ ಬರೆಯೋಣ ಅನ್ನಿಸಿತು, ಬರೆದೆ.

ನಿಮ್ಮವಳು


ಮೇ ೨೧

ರೀ,

ನಿನ್ನೆಗೆ ವರ್ಷವಾಯಿತು. ನಿಮಗೂ ನೆನಪಿರುತ್ತದೆ.

ರಜೆ ಹಾಕಲಿಲ್ಲ. ರಜೆ ಹಾಕಿ ಏನು ಮಾಡುವುದು? ಸೋಪಿನ ನೊರೆ ಹೊರಗೆ ಬರುತ್ತಿದೆ ಎಂದವರಿಗೆ, ಬಾಗಿಲು ತೆರೆಯುತ್ತಿಲ್ಲ ಎಂದವರಿಗೆ, ಬಿಳಿ ಅಂಗಿ ಗುಲಾಬಿಯಾಯಿತು ಎಂದವರಿಗೆ, ಎಲ್ಲರಿಗೂ ಉತ್ತರ ಕೊಟ್ಟೆ. ಸಂಜೆ ಕಾರ್ಖಾನೆಯ ಗೇಟಿನವರೆಗೆ ನಡೆದುಹೋಗಿ ಬಂದೆ. ಒಳಗಿನ ರೂಮಿನ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆಯವರ ಕೆನ್ನೆಯ ಹಾಗಿರುತ್ತದಲ್ಲ, ಹಾಗಿತ್ತು.

ನೀವು ಬರೆಯದೆ ಎರಡೂವರೆ ತಿಂಗಳಾಯಿತು. ತಿಂಗಳು ತಿಂಗಳು ದುಡ್ಡು ಬರುತ್ತದೆ, ಅದರಿಂದ ನೀವು ಇದ್ದೀರಿ ಎಂದು ತಿಳಿಯುತ್ತದೆ.

ನಿಮ್ಮವಳು


ಜೂನ್ ೯

ಇವಳೇ,

ಈ ಕಾಗದವನ್ನು ಬಹಳ ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಇದನ್ನು ಓದಿ ನೋಡದೆ ಕಳಿಸುತ್ತೇನೆ.

ಏಪ್ರಿಲ್‌ನಲ್ಲಿ ರಜೆ ಸಿಕ್ಕಿತ್ತು. ಇಂಜಿನಿಯರನ ಮೇಲೆ ಸುಮ್ಮನೆ ಹಾಕಿದೆ. ಅವನು ಪಾಪ, ಹೋಗಿ ಬನ್ನಿ ಎಂದೇ ಹೇಳಿದ್ದ. ನಿನಗೆ ತಿಳಿಸದೆ ಹೊರಟೆ. ಮೊದಲು ಹಳೇ ಊರಿಗೆ ಹೋದೆ. ನೀನು ಅಲ್ಲಿಲ್ಲ ಎಂದು ಗೊತ್ತಿದ್ದೂ ಹೋದೆ. ಎದುರಿನ ಬಸ್ ಸ್ಟಾಪಿನಲ್ಲಿ ಕೂತು ನಮ್ಮ ಮನೆ ನೋಡಿದೆ. ಬೇರೆ ಯಾರೋ ಬಂದಿದ್ದಾರೆ. ಅವಳ ರೂಮಿನ ಕಿಟಕಿ ತೆರೆದಿತ್ತು. ಒಬ್ಬ ಹೆಂಗಸು ಅಲ್ಲಿ ನಿಂತು ಟವೆಲು ಕೊಡವುತ್ತಿದ್ದಳು.

ನನ್ನ ಎದೆ ಒಡೆಯುತ್ತದೆ ಎಂದುಕೊಂಡಿದ್ದೆ. ಒಡೆಯಲಿಲ್ಲ. ಬದಲಿಗೆ ಸಮಾಧಾನವಾಯಿತು. ಸದ್ಯ, ಇನ್ನು ಅಲ್ಲಿಗೆ ಹೋಗಬೇಕಾಗಿಲ್ಲ ಎಂದು. ಆ ಸಮಾಧಾನಕ್ಕೆ ನನಗೇ ನಾಚಿಕೆಯಾಯಿತು.

ನಿನಗೆ ಹೇಳಿಬಿಡುತ್ತೇನೆ. ನಾನು ಈ ಸುರಂಗಕ್ಕೆ ಬಂದದ್ದು ಹೆಚ್ಚು ಸಂಬಳಕ್ಕೆ ಎಂದು ನಿನಗೂ, ನನಗೂ ಹೇಳಿಕೊಂಡಿದ್ದೆ. ಆ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ, ಅದಕ್ಕೆ ಬಂದೆ. ಸಂಜೆ ಬೀಗದ ಕೈ ತಿರುಗಿಸುವಾಗ ಒಳಗಿನಿಂದ ಓಡಿ ಬರುವ ಸದ್ದು ಇಲ್ಲದ್ದು ನನಗೆ ತಡೆಯಲಾಗುತ್ತಿರಲಿಲ್ಲ. ಆ ರೂಮು ಮುಟ್ಟಬೇಡ ಎಂದು ಹೇಳಿದ್ದೂ ಅದಕ್ಕೇ. ನೀನು ಆ ಬಾಗಿಲು ತೆಗೆದರೆ ನಾನೂ ಒಳಗೆ ಬರಬೇಕಾಗುತ್ತಿತ್ತು. ನೀನು ಅಲ್ಲೇ ಇರಲು ಬಯಸುತ್ತೀಯ ಎಂದುಕೊಂಡು, ಇರಲಿ, ನಿನಗಾದರೂ ಅದು ಉಳಿಯಲಿ ಎಂದು ಬಾಡಿಗೆ ಕಳಿಸುತ್ತಿದ್ದೆ.

ಅಲ್ಲಿಂದ ನಿನ್ನ ಊರಿಗೆ ಬಂದೆ. ಜಗುಲಿಯ ಮೇಲೆ ನಿಂತದ್ದು ಬಿಲ್ಲಿನವನಲ್ಲ, ನಾನು. ಕಿಟಕಿಯಲ್ಲಿ ನೀನು ಕೂತಿದ್ದೆ. ಬಂದು ಮೆಟ್ಟಿಲು ಹತ್ತಬೇಕು ಎಂದುಕೊಳ್ಳುವಾಗ ನೀನು ತಲೆ ಎತ್ತಿ ನನ್ನ ಕಡೆಗೇ ನೋಡಿದೆ. ನಿನ್ನ ಮುಖದಲ್ಲಿ ಏನೂ ಇರಲಿಲ್ಲ. ಮತ್ತೆ ತಲೆ ತಗ್ಗಿಸಿ ಟೈಪ್ ಮಾಡತೊಡಗಿದೆ. ಇವಳಿಗೆ ನಾನು ಬೇಕಾಗಿಲ್ಲ ಎಂದುಕೊಂಡೆ. ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಮಲಗಿ, ಸಿಕ್ಕ ರೈಲು ಹತ್ತಿದೆ.

ಆಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ.

ನಾನು


ಜೂನ್ ೨೫

ರೀ,

ನಾನು ನಿಮ್ಮನ್ನು ನೋಡಿದೆ. ನೀವೇ ಎಂದು ಗೊತ್ತಾಯಿತು. ನಿಲ್ಲುವ ರೀತಿಯಲ್ಲೇ ಗೊತ್ತಾಯಿತು, ಯಾವಾಗಲೂ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತೀರಿ.

ಬಿಲ್ಲಿನವನಿರಬೇಕು ಎಂದು ಕಂಡಕ್ಟರಮ್ಮನಿಗೆ ಹೇಳಿದ್ದೂ ನಾನೇ. ಕಾಗದದಲ್ಲಿ ಅದನ್ನು ಬರೆದದ್ದು, ಅದು ನಾನೇ ಎಂದು ನೀವು ಉತ್ತರ ಕೊಡುತ್ತೀರೇನೋ ಎಂದು. ನೀವು ಕೊಡಲಿಲ್ಲ. ಹಾಗಾದರೆ ಬೇರೆ ಯಾರೋ ಇರಬೇಕು, ನನ್ನ ಕಣ್ಣಿಗೆ ಹಾಗೆ ಕಂಡಿರಬೇಕು ಎಂದು ನನ್ನನ್ನೇ ಒಪ್ಪಿಸಿಕೊಂಡೆ.

ಯಾಕೆ ಎದ್ದು ಬರಲಿಲ್ಲ ಎಂದರೆ, ಲೆಕ್ಕ ಕೇಳಲು ಬಂದಿದ್ದೀರಿ ಎಂದುಕೊಂಡೆ. ಒಳಗೆ ಬಂದವರೇ ಆ ಡಬ್ಬಗಳ ಮುಂದೆ ನಿಲ್ಲುತ್ತೀರಿ, ಅವಳ ರೂಮನ್ನು ಹೀಗೆ ರಟ್ಟಿನಲ್ಲಿ ತುಂಬಿ ಇಟ್ಟಿದ್ದೀಯಲ್ಲ ಅನ್ನುತ್ತೀರಿ. ನಿಮ್ಮನ್ನು ನೋಡಿ ಸಂತೋಷವಾಗಬೇಕಿತ್ತು, ಅದೂ ಆಗಲಿಲ್ಲ. ಸಂತೋಷವಾಗದೆ ಬಾಗಿಲು ಹೇಗೆ ತೆಗೆಯುವುದು? ಕಂಪ್ಯೂಟರಿನಲ್ಲಿ ಒಬ್ಬರು ಕಾಯುತ್ತಿದ್ದರು. ಅವರಿಗೆ ಉತ್ತರ ಬರೆಯುವುದು ಸುಲಭವಾಗಿತ್ತು, ಬರೆದೆ. ಮತ್ತೆ ತಲೆ ಎತ್ತಿದಾಗ ನೀವಿರಲಿಲ್ಲ.

ನನಗೂ ಬಾಡಿಗೆ ಒಂದು ನೆಪ. ಓನರು ಏರಿಸದೆ ಇದ್ದಿದ್ದರೆ ಬೇರೆ ಏನನ್ನಾದರೂ ಹುಡುಕುತ್ತಿದ್ದೆ. ಆ ಮನೆಯಲ್ಲಿ ನಾನು ಹಾಲಿನಿಂದ ಅಡುಗೆಮನೆಗೆ ಹೋಗಲು ಅವಳ ಬಾಗಿಲಿಗೆ ಬೆನ್ನು ಹಾಕಿ, ಗೋಡೆ ಸವರಿಕೊಂಡು ಹೋಗುತ್ತಿದ್ದೆ. ನಿಮಗೆ ಬರೆಯಲಿಲ್ಲ. ರೂಮು ಹಾಗೇ ಇರಲಿ ಎಂದಿದ್ದಿರಲ್ಲ, ನಿಮಗೆ ಅದು ಬೇಕು ಎಂದು ನಾನು, ನನಗೆ ಬೇಕು ಎಂದು ನೀವು. ಯಾರಿಗೂ ಬೇಡದ ಮನೆಗೆ ಇಬ್ಬರೂ ಕಷ್ಟಪಟ್ಟು ಬಾಡಿಗೆ ಕಟ್ಟಿದೆವು.

ನಗು ಬರಬೇಕಾದ ವಿಷಯ. ಇಬ್ಬರೂ ಒಟ್ಟಿಗಿದ್ದಿದ್ದರೆ ನಗುತ್ತಿದ್ದೆವೇನೋ.

ಬರುವುದಾದರೆ ಬನ್ನಿ. ಬಂದರೆ ಬಾಗಿಲು ತಟ್ಟಿ. ನನ್ನ ಮುಖ ನೋಡಿ ತೀರ್ಮಾನ ಮಾಡಬೇಡಿ, ಅದು ಈಗ ಯಾರನ್ನು ಕಂಡರೂ ಹಾಗೇ ಇರುತ್ತದೆ.

ನಿಮ್ಮವಳು


ಜುಲೈ ೮

ಇವಳೇ,

ಇಂಜಿನಿಯರನಿಗೆ ಹೇಳಿದೆ. ಮುಂದಿನ ಲಾರಿಯಲ್ಲಿ ಕೆಳಗಿಳಿಯುತ್ತೇನೆ. ಈ ಕಾಗದಕ್ಕಿಂತ ನಾನೇ ಮೊದಲು ತಲುಪಿದರೂ ತಲುಪಬಹುದು.

ಡಬ್ಬಗಳ ವಿಷಯ ನಾನಾಗಿ ಎತ್ತುವುದಿಲ್ಲ. ಮೊದಲು ಊಟ ಮಾಡೋಣ.

ನಾನು


ಆಗಸ್ಟ್ ೧೭

ರೀ,

ನೀವು ಕ್ಯಾಂಪು ತಲುಪಿದ ಕಾಗದ ಬಂತು. ರಜೆಗಿಂತ ಹೆಚ್ಚು ದಿನ ನಿಂತದ್ದಕ್ಕೆ ಸಂಬಳ ಹಿಡಿಯುತ್ತಾರೆ ಎಂದು ಬರೆದಿದ್ದೀರಿ. ಹಿಡಿಯಲಿ ಬಿಡಿ.

ನೀವಿದ್ದಾಗ ನಾನು ಹೆಚ್ಚು ಮಾತಾಡಲಿಲ್ಲ. ನೀವೂ ಆಡಲಿಲ್ಲ. ಆಗ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತೇನೆ.

ನೀವು ತಟ್ಟಿದಾಗ ನಾನು ಬಾಗಿಲ ಈ ಕಡೆಯೇ ನಿಂತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೇ ಎದ್ದು ಬಂದಿದ್ದೆ. ಆದರೂ ತಟ್ಟಲಿ ಎಂದು ಕಾದೆ. ತೆಗೆದಾಗ ನೀವು ಬ್ಯಾಗು ಕೆಳಗಿಡದೆ, “ಊಟ ಆಯ್ತಾ?” ಎಂದು ಕೇಳಿದಿರಿ. ಇಷ್ಟು ದೂರದಿಂದ ಬಂದವರನ್ನು ನಾನು ಕೇಳಬೇಕಾದ ಮಾತು. ಇಲ್ಲ ಎಂದೆ. ಆಗಿತ್ತು, ಸುಳ್ಳು ಹೇಳಿದೆ. ಅವತ್ತು ಎರಡು ಸಲ ಊಟ ಮಾಡಿದೆ.

ಡಬ್ಬಗಳಿಗೆ ಕೈ ಹಾಕಿದ್ದು ಮೂರು ದಿನ ಕಳೆದ ಮೇಲೆ. ಯಾರು ಶುರು ಮಾಡಿದರು ಎಂದು ನೀವು ಯೋಚಿಸುತ್ತಿದ್ದರೆ, ಯಾರೂ ಮಾಡಲಿಲ್ಲ. ನೀವು ಸ್ಕ್ರೂಡ್ರೈವರ್ ಹುಡುಕುತ್ತಾ ಒಳಗೆ ಹೋದಿರಿ, ನಾನು ನಿಮ್ಮ ಹಿಂದೆ ಬಂದೆ. ಬಟ್ಟೆಯ ಡಬ್ಬ ಬಿಚ್ಚಿದಾಗ ನನಗೆ ಏನೂ ಆಗಲಿಲ್ಲ. ಪುಸ್ತಕದ್ದಕ್ಕೂ ಇಲ್ಲ. ನೀವು ಗೋಡೆಗೆ ಒರಗಿ ಕೂತಿರಿ, ನಾನು ಮಡಿಸಿ ಮಡಿಸಿ ಇಟ್ಟೆ. ಬೇರೆ ಯಾರದೋ ಮಗುವಿನ ಮನೆಗೆ ಸಹಾಯಕ್ಕೆ ಬಂದವಳ ಹಾಗೆ.

ಆಮೇಲೆ ಸ್ಕೂಲ್ ಬ್ಯಾಗು ಬಂತು. ಜ್ವರ ಎಂದು ಟೀಚರು ಮಧ್ಯಾಹ್ನವೇ ಕಳಿಸಿದ ದಿನ ಮಂಚದ ಕೆಳಗೆ ಎಸೆದದ್ದು. ಅದನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ನೀವು ಬಿಚ್ಚಿದಿರಿ. ಊಟದ ಡಬ್ಬಿ ಒಳಗೇ ಇತ್ತು. ಮುಚ್ಚಳ ಹಿಡಿದುಕೊಂಡಿತ್ತು, ನೀವು ನೆಲಕ್ಕೆ ಕುಟ್ಟಿ ತೆಗೆದಿರಿ. ಒಳಗಿದ್ದದ್ದು ಒಣಗಿ ಕಪ್ಪಾಗಿ, ಏನೆಂದು ಗುರುತು ಸಿಗುತ್ತಿರಲಿಲ್ಲ. ನಾನೇ ಮಾಡಿ ಹಾಕಿದ್ದು, ನನಗೂ ನೆನಪಿಲ್ಲ.

ಎಸೆಯುತ್ತೀರಿ ಎಂದುಕೊಂಡೆ. ನೀವು ಎದ್ದು ಅಡುಗೆಮನೆಗೆ ಹೋಗಿ, ನೀರು ಬಿಟ್ಟು ಉಜ್ಜತೊಡಗಿದಿರಿ. ನಾನು ಬಾಗಿಲಲ್ಲಿ ನಿಂತು ನಿಮ್ಮ ಬೆನ್ನು ನೋಡುತ್ತಿದ್ದೆ. ನೀವು ಕೆಲಸದಿಂದ ಬಂದು ದಿನವೂ ಸಂಜೆ ಹೀಗೇ ನಿಂತು ಅವಳ ಡಬ್ಬಿ ತೊಳೆಯುತ್ತಿದ್ದಿರಿ. ಆಗ ತಿರುಗದೆಯೇ ಅದೇ ಧ್ವನಿಯಲ್ಲಿ ಹೇಳಿದಿರಿ:

“ಬುಗುರಿ ಇವತ್ತೂ ಅರ್ಧ ಬಿಟ್ಟಿದಾಳೆ ನೋಡು.”

ಒಂದು ವರ್ಷದಿಂದ ನಾವು ಆ ಹೆಸರು ಬಾಯಲ್ಲಿ ಹೇಳಿರಲಿಲ್ಲ, ಕಾಗದದಲ್ಲೂ ಬರೆದಿರಲಿಲ್ಲ. ‘ಅವಳು’, ‘ಅವಳ ರೂಮು’, ಅಷ್ಟೇ. ಹೇಳಿದ್ದು ನಿಮಗೇ ಗೊತ್ತಾಯಿತೋ ಇಲ್ಲವೋ. ನೀರು ಹಾಗೇ ಸುರಿಯುತ್ತಿತ್ತು, ನೀವು ಕೈ ಆಡಿಸುವುದು ನಿಲ್ಲಿಸಿದಿರಿ. ನಾನು ಬಂದು ನಲ್ಲಿ ನಿಲ್ಲಿಸಬೇಕಿತ್ತು, ನಿಮ್ಮ ಭುಜ ಹಿಡಿಯಬೇಕಿತ್ತು. ಆಗಲಿಲ್ಲ. ನಿಂತಲ್ಲೇ, ಅವಳು ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಆ ಹೆಸರಿಟ್ಟದ್ದು ಎಂದು, ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳಿದೆ. ನೀವು ಹೂಂ ಎಂದಿರಿ.

ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಆದರೆ ಅವತ್ತು ನಾನು ಒಳಗಿನ ರೂಮಿನಲ್ಲಿ ಮಲಗಿದೆ, ನೆಲದ ಮೇಲೆ, ಬಿಚ್ಚಿದ ಡಬ್ಬಗಳ ನಡುವೆ ನಿಮ್ಮ ಪಕ್ಕದಲ್ಲಿ.

ಈಗ ಇಲ್ಲಿಯ ಸಮಾಚಾರ. ನೀವು ಎಳೆದ ವಯರಿನಿಂದ ಒಳಗಿನ ರೂಮಿಗೂ ಇಂಟರ್‌ನೆಟ್ ಬರುತ್ತಿದೆ. ಮೇಜನ್ನು ಅಲ್ಲಿಗೇ ಹಾಕಿಕೊಂಡೆ. ಅನ್ನ ಸೀಯುವುದಕ್ಕೆ ಈಗ ಬೇರೆ ಕಾರಣ ಹುಡುಕಬೇಕು. ಬಟ್ಟೆಗಳನ್ನು ನಾವು ಮಾತಾಡಿಕೊಂಡ ಹಾಗೆ ಆಸ್ಪತ್ರೆಗೆ ಕೊಟ್ಟೆ. ಇಟ್ಟುಕೊಂಡದ್ದೆಲ್ಲ ಒಂದೇ ಡಬ್ಬದಲ್ಲಿದೆ. ಸೈಕಲ್ ಅಂಗಡಿಯ ಜಾಗದ ಬಗ್ಗೆ ಕಂಡಕ್ಟರಮ್ಮನನ್ನು ಕೇಳಿದೆ. ಸುರಂಗದ ಕೆಲಸ ಮುಗಿಸಿ ನೀವು ಬರುವವರೆಗೆ ಯಾರಿಗೂ ಕೊಡುವುದಿಲ್ಲವಂತೆ. ಈ ಊರಿನಲ್ಲಿ ಮೋಟರು, ಮಿಕ್ಸಿ ರಿಪೇರಿ ಮಾಡುವವರೇ ಇಲ್ಲವಂತೆ. ಮುಂಗಡ ಬೇಡ ಎಂದರು. ಅಂಗಡಿ ತೆರೆದ ಮೇಲೆ ಮೊದಲು ಅವರ ಫ್ಯಾನು ಸರಿ ಮಾಡಿಕೊಟ್ಟರೆ ಸಾಕಂತೆ.

ಕೊನೆಯದು ಇವತ್ತು ಬೆಳಿಗ್ಗೆ ನಡೆದದ್ದು. ಹಾಲು ತರಲು ಇಳಿದಿದ್ದೆ. ಕಂಡಕ್ಟರಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಯಜಮಾನರು ಒಳ್ಳೆಯವರು, ಮಾತು ಕಡಿಮೆ ಎಂದೆಲ್ಲ ಹೇಳಿ, ತಲೆ ಎತ್ತದೆಯೇ ಕೇಳಿದರು.

“ಮಕ್ಕಳು ಎಷ್ಟಮ್ಮ ನಿಮಗೆ?”

ಇಂಥದ್ದಕ್ಕೆ ನಾನು ಯಾವಾಗಲೂ ‘ಮಕ್ಕಳಿಲ್ಲ’ ಎಂದುಬಿಡುತ್ತೇನೆ, ಅದೇ ಬಾಯಿಗೆ ಬಂದಿತ್ತು. ಆದರೆ, “ಒಬ್ಬಳು ಮಗಳು,” ಎಂದೆ.

“ಎಲ್ಲಿದಾಳೆ?”

“ಹೋಗಿಬಿಟ್ಟಳು. ಹೋದ ವರ್ಷ.”

ಅವರ ಕೈ ನಿಂತಿತು. ಅಯ್ಯೋ ಎನ್ನಲಿಲ್ಲ, ಹೇಗೆ ಎಂದು ಕೇಳಲಿಲ್ಲ. ಸೊಪ್ಪಿನ ಮೊರ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಕಡೆಗೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿದರು. ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ಕೂತೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಅರ್ಧ ಸೊಪ್ಪು ನನ್ನ ಕಡೆ ಹಾಕಿದರು, ನಾನೂ ಬಿಡಿಸತೊಡಗಿದೆ. ಆಗ ಹೆಸರೇನು ಎಂದು ಕೇಳಿದರು.

ಹೇಳಿದೆ. ಸೊಪ್ಪು ಕಾಣಿಸದ ಹಾಗಾಯಿತು. ನಿಮಗೆ ತಿಳಿಸಬೇಕು ಅನ್ನಿಸಿತು.

ಕೆಲಸಕ್ಕೆ ತಡವಾಗಿ ಕೂತೆ.

ನಿಮ್ಮವಳು